ಚುದಾಕೋವಾ ರಾಜಕೀಯಕ್ಕೆ ಇಳಿದದ್ದು ದಂಡವೇ?

ಹಳೇಪುಸ್ತಕ:
ಒಂದು ಪ್ರಶ್ನೆ ಇಡುತ್ತಿದ್ದೇನೆ, ಜಗಳ ಆದರೂ ಪರವಾಗಿಲ್ಲ. ಮರಿಯೆಟ್ಟಾ ಚುದಾಕೋವಾ ಅಂತ ಮಾಸ್ಕೋದ ಒಬ್ಬ ಸಾಹಿತ್ಯ ವಿದ್ವಾಂಸೆ ಇದ್ದರು. 1937ರಲ್ಲಿ ಹುಟ್ಟಿದರು, 2021ರ ನವೆಂಬರ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಸೋವಿಯತ್ ಕಾಲದ ಕಾದಂಬರಿಕಾರ, ನಾಟಕಕಾರ ಮಿಖಾಯಿಲ್ ಬುಲ್ಗಾಕೋವ್ ಬಗ್ಗೆ ಇವತ್ತು ಯಾರು ಏನೇ ಬರೆಯಲಿ, ಈಕೆ ಮಾಡಿಟ್ಟ ಕೆಲಸದ ಮೇಲೆ ನಿಂತೇ ಬರೆಯಬೇಕು. 1965ರಿಂದ ಸುಮಾರು ಇಪ್ಪತ್ತು ವರ್ಷ ಲೆನಿನ್ ಲೈಬ್ರರಿಯ ಹಸ್ತಪ್ರತಿ ವಿಭಾಗದಲ್ಲಿದ್ದರು. ಬುಲ್ಗಾಕೋವ್ ಹೆಂಡತಿ ಯೆಲೆನಾ ಸೆರ್ಗೆಯೆವ್ನಾ ಅಷ್ಟು ವರ್ಷ ಕಾಪಾಡಿಟ್ಟಿದ್ದ ಕಾಗದಪತ್ರ ಆ ಲೈಬ್ರರಿಗೆ ಬಂದಾಗ ಅದನ್ನೆಲ್ಲ ಬಿಡಿಸಿ, ಹೊಂದಿಸಿ, ಪಟ್ಟಿ ಮಾಡಿದ್ದು ಇವರೇ. 1988ರಲ್ಲಿ ಬಂದ ಅವರ ಬುಲ್ಗಾಕೋವ್ ಜೀವನಚರಿತ್ರೆ ಈಗಲೂ ಆಧಾರ ಗ್ರಂಥ. ಅದೇ ಕಾಲದ ಲೇಖಕರಾದ ಜೋಷ್ಚೆಂಕೊ ಮೇಲೆ, ಒಲೇಶಾ ಮೇಲೆ ಬೇರೆ ಪುಸ್ತಕಗಳಿವೆ.

ಆಮೇಲೆ ರಾಜಕೀಯ. 1990ರ ದಶಕದಲ್ಲಿ ರಷ್ಯಾದ ಅಧ್ಯಕ್ಷ ಯೆಲ್ತ್ಸಿನ್ ಕಾಲದಲ್ಲಿ ಅಧ್ಯಕ್ಷರ ಸಲಹಾ ಮಂಡಳಿ, ಕ್ಷಮಾದಾನ ಆಯೋಗ, ಎರಡರಲ್ಲೂ ಸದಸ್ಯೆ. 2007ರಲ್ಲಿ, ಎಪ್ಪತ್ತನೇ ವಯಸ್ಸಿನಲ್ಲಿ, 'ಬಲಪಂಥೀಯ ಶಕ್ತಿಗಳ ಒಕ್ಕೂಟ' ಅನ್ನೋ ಉದಾರವಾದಿ ವಿರೋಧ ಪಕ್ಷದ ಪಟ್ಟಿಯಲ್ಲಿ ಡುಮಾ (ಸಂಸತ್ತಿನ ಕೆಳಮನೆ) ಚುನಾವಣೆಗೆ ನಿಂತರು. ಪಟ್ಟಿಯ ಮೊದಲ ಮೂರು ಹೆಸರು ನಿಕಿತಾ ಬೆಲಿಖ್, ಬೋರಿಸ್ ನೆಮ್ತ್ಸೋವ್, ಮರಿಯೆಟ್ಟಾ ಚುದಾಕೋವಾ. ಒಳಗೆ ಹೋಗೋಕೆ 7% ಮತ ಬೇಕಿತ್ತು. ಬಿದ್ದದ್ದು 0.96%.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಇದು ದಂಡ. ಆ ತಲೆ, ಆ ಕಣ್ಣು ಓದುವ ಮೇಜಿನ ಮುಂದೆಯೇ ಇದ್ದಿದ್ದರೆ ಇನ್ನೂ ನಾಲ್ಕು ದೊಡ್ಡ ಪುಸ್ತಕ ಬರುತ್ತಿದ್ದವು. ಕರಪತ್ರ ಹಂಚೋಕೆ ಬೇರೆ ಜನ ಇರಲಿಲ್ವಾ?

ನೇತ್ರಾವತಿ:
ನೀವು ಇದನ್ನು ಎರಡು ಬದುಕು ಅಂತ ನೋಡುತ್ತಿದ್ದೀರಿ. ಮೊದಲು ಸಾಹಿತ್ಯ, ಆಮೇಲೆ ಎಲ್ಲೋ ದಾರಿ ತಪ್ಪಿ ರಾಜಕೀಯ ಅಂತ. ನನಗೆ ಹಾಗೆ ಕಾಣೋದಿಲ್ಲ.

ಆ ವಿಭಾಗದಲ್ಲಿ ಅವರು ಮಾಡುತ್ತಿದ್ದ ಕೆಲಸ ಏನು ಅಂತ ಸ್ವಲ್ಪ ನೋಡಿ. ಬುಲ್ಗಾಕೋವ್ 1930ರ ಮಾರ್ಚ್‌ನಲ್ಲಿ ತನ್ನ ಕಾದಂಬರಿಯ ಕರಡು ಸುಟ್ಟುಹಾಕಿದ. ಮುಂದೆ 'ಮಾಸ್ಟರ್ ಅಂಡ್ ಮಾರ್ಗರಿಟಾ' ಆದದ್ದು ಅದೇ ಕಾದಂಬರಿ. ಪೂರ್ತಿ ಸುಡಲಿಲ್ಲ, ಒಂದೆರಡು ನೋಟ್‌ಬುಕ್ ಉಳಿದವು, ಅದರಲ್ಲೂ ಹಾಳೆಗಳನ್ನು ಉದ್ದಕ್ಕೆ ಹರಿದುಬಿಟ್ಟಿದ್ದ. ಹೊಲಿಗೆಯ ಹತ್ತಿರ ಒಂದು ಪಟ್ಟಿ ಮಾತ್ರ ಉಳಿದಿತ್ತು, ಪ್ರತಿ ಸಾಲಿನ ತುಂಡು ಮಾತ್ರ ಕಾಣುತ್ತಿತ್ತು. ಚುದಾಕೋವಾ ಆ ತುಂಡುಗಳಿಂದ, ಆತನ ಕೈಬರಹದಲ್ಲಿ ಒಂದು ಸಾಲಿಗೆ ಎಷ್ಟು ಅಕ್ಷರ ಹಿಡಿಯುತ್ತದೆ, ಅವನು ವಾಕ್ಯ ಹೇಗೆ ಕಟ್ಟುತ್ತಾನೆ ಅಂತ ನೋಡಿ ನೋಡಿ ಕಳೆದುಹೋದ ಪಾಠವನ್ನು ಮತ್ತೆ ಕಟ್ಟಿದರು. 1977ರಲ್ಲಿ ಅದನ್ನು ಪ್ರಕಟಿಸಿದರು. ಹುಚ್ಚು ಕೆಲಸ, ಆದರೆ ಅದ್ಭುತ.

ಹರಿದದ್ದು ಯಾಕೆ? ಅವನ ನಾಟಕ ಎಲ್ಲ ನಿಂತುಹೋಗಿದ್ದವು, ಕೆಲಸ ಇರಲಿಲ್ಲ. ಅದಕ್ಕೂ ಮೊದಲು 1926ರಲ್ಲಿ ರಹಸ್ಯ ಪೊಲೀಸರು ಮನೆಗೆ ನುಗ್ಗಿ ಡೈರಿ ಎತ್ತಿಕೊಂಡು ಹೋಗಿದ್ದರು. ಅವನ ಕಥೆ 'ನಾಯಿಯ ಹೃದಯ' 1925ರಲ್ಲಿ ಬರೆದದ್ದು, ಸೋವಿಯತ್ ದೇಶದಲ್ಲಿ ಅಚ್ಚಾದದ್ದು 1987ರಲ್ಲಿ. 'ಜ್ನಾಮ್ಯಾ' ಪತ್ರಿಕೆಯಲ್ಲಿ ಅದು ಬಂದಾಗ ಹಿನ್ನುಡಿ ಬರೆದವರೂ ಚುದಾಕೋವಾನೇ. ಇಪ್ಪತ್ತು ವರ್ಷ ದಿನವಿಡೀ ಇಂಥ ಕಾಗದ ಮುಟ್ಟಿದವರಿಗೆ ಸರ್ಕಾರ ಅಂದ್ರೆ ಏನು ಅಂತ ಯಾರೂ ಪಾಠ ಹೇಳಬೇಕಾಗಿಲ್ಲ. ರಾಜಕೀಯ ಅವರಿಗೆ ಆ ಹರಿದ ಹಾಳೆಗಳಲ್ಲೇ ಶುರುವಾಗಿತ್ತು.

ಹಳೇಪುಸ್ತಕ:
ಸರಿ, ಕೋಪ ಅರ್ಥ ಆಗುತ್ತೆ. ಕೋಪ ಬಂದವರೆಲ್ಲ ಚುನಾವಣೆಗೆ ನಿಲ್ಲಬೇಕಾ? ಅವರ ಗಂಡ ಅಲೆಕ್ಸಾಂಡರ್ ಚುದಾಕೋವ್ ಚೆಕೋವ್ ವಿದ್ವಾಂಸ, ಅದೇ ವ್ಯವಸ್ಥೆ ನೋಡಿದವರು. ಅವರು ಚೆಕೋವ್ ಬಗ್ಗೆ ಬರೆದರು, ಕೊನೆಗಾಲದಲ್ಲಿ ಒಂದು ಕಾದಂಬರಿ ಬರೆದರು, ಅವರು ತೀರಿಕೊಂಡ ಮೇಲೆ 2011ರಲ್ಲಿ ಅದಕ್ಕೆ 'ದಶಕದ ರಷ್ಯನ್ ಬುಕರ್' ಬಂತು. ಆ ಕಾದಂಬರಿ ನೂರು ಭಾಷಣಕ್ಕೆ ಸಮ.

ನೇತ್ರಾವತಿ:
ಗಂಡನ ಹಾಗೆ ಹೆಂಡತಿ ಇರಲಿಲ್ಲ ಅನ್ನೋದು ಒಂದು ಆಪಾದನೆಯಾ? :)

ಕೆಂಪುಕೊಡೆ:
ಇಬ್ಬರೂ ಮುಖ್ಯ ವಿಷಯ ಬಿಟ್ಟು ಮಾತಾಡುತ್ತಿದ್ದೀರಿ. ಸಮಯ ದಂಡ ಆಯ್ತೋ ಇಲ್ವೋ ಅನ್ನೋದಲ್ಲ, ಯಾವ ರಾಜಕೀಯ ಅನ್ನೋದು ಪ್ರಶ್ನೆ. ಈಕೆ ಯೆಲ್ತ್ಸಿನ್ ಕಾಲದ ಆರ್ಥಿಕ ಸುಧಾರಣೆ ನಡೆಸಿದ ಯೆಗೋರ್ ಗೈದಾರ್ ಭಕ್ತೆ. ಸುಮ್ನೆ ಹೇಳುತ್ತಿಲ್ಲ, 2012ರಲ್ಲಿ ಮಕ್ಕಳಿಗೋಸ್ಕರ ಗೈದಾರ್ ಜೀವನಕಥೆಯನ್ನೇ ಬರೆದರು, ಹತ್ತರಿಂದ ಹದಿನಾರು ವರ್ಷದ ಜಾಣ ಮಕ್ಕಳಿಗೆ ಅಂತ ಮುಖಪುಟದ ಮೇಲೇ ಹಾಕಿದರು. ಗೈದಾರ್ ಏನು ಮಾಡಿದ್ದು? 1992ರ ಜನವರಿ 2ಕ್ಕೆ ಬೆಲೆಗಳ ಮೇಲಿನ ಹಿಡಿತ ಒಂದೇ ಏಟಿಗೆ ಬಿಟ್ಟ. (ಅದು ಚುದಾಕೋವಾ ಹುಟ್ಟಿದ ದಿನ ಕೂಡ, ಅವತ್ತಿಗೆ ಅವರಿಗೆ 55.) ಆ ಒಂದು ವರ್ಷದಲ್ಲಿ ಬೆಲೆ ಇಪ್ಪತ್ತೈದು ಪಟ್ಟು ಮೇಲೆ ಹೋಯ್ತು. ಜೀವನಪೂರ್ತಿ ಕೂಡಿಟ್ಟ ಮುದುಕ ಮುದುಕಿಯರ ದುಡ್ಡು ಬೇಸಿಗೆ ಬರೋದ್ರೊಳಗೆ ಕರಗಿಹೋಯ್ತು.

ಇನ್ನು 1993. ಯೆಲ್ತ್ಸಿನ್ ಸಂಸತ್ತನ್ನು ವಿಸರ್ಜಿಸಿದ, ಆ ಅಧಿಕಾರ ಸಂವಿಧಾನದಲ್ಲಿ ಅವನಿಗೆ ಇರಲಿಲ್ಲ. ಸಂಸತ್ತು ಒಪ್ಪಲಿಲ್ಲ. ಅಕ್ಟೋಬರ್ 4ಕ್ಕೆ ಟ್ಯಾಂಕ್ ತಂದು ಸಂಸತ್ ಭವನಕ್ಕೆ ಗುಂಡು ಹೊಡೆಸಿದ. ಸರ್ಕಾರದ ಲೆಕ್ಕದಲ್ಲೇ ಸುಮಾರು 150 ಜನ ಸತ್ತರು. ಮಾರನೇ ದಿನ 'ಇಜ್ವೆಸ್ತಿಯಾ'ದಲ್ಲಿ 42 ಸಾಹಿತಿಗಳ ಪತ್ರ ಬಂತು. ಕಮ್ಯುನಿಸ್ಟ್, ರಾಷ್ಟ್ರವಾದಿ ಪಕ್ಷಗಳನ್ನೆಲ್ಲ ನಿಷೇಧಿಸಿ, ಇಂತಿಂಥ ಪತ್ರಿಕೆ ಮುಚ್ಚಿ ಅಂತ ಬೇಡಿಕೆ. ಸಹಿ ಹಾಕಿದವರಲ್ಲಿ ನಿಮ್ಮ ಹಸ್ತಪ್ರತಿ ವಿಭಾಗದ ವಿದ್ವಾಂಸೆಯೂ ಇದ್ದಾರೆ.

ಈಗ ಹೇಳಿ, 'ಸರ್ಕಾರ ಅಂದ್ರೆ ಏನು ಅಂತ ಯಾರೂ ಪಾಠ ಹೇಳಬೇಕಾಗಿಲ್ಲ' ಅಂದ್ರಲ್ಲ.

ನೇತ್ರಾವತಿ:
42ರ ಪತ್ರದ ವಿಷಯ ಬರುತ್ತೆ ಅಂತ ಗೊತ್ತಿತ್ತು. ಆದರೆ ಕಥೆ ಅರ್ಧದಿಂದ ಶುರು ಮಾಡಿದ್ರಿ. ಅಕ್ಟೋಬರ್ 3ರ ಸಂಜೆ ಸಂಸತ್ತಿನ ಪರ ಇದ್ದವರು ಮೇಯರ್ ಕಚೇರಿಯ ಕಟ್ಟಡ ಹಿಡಿದು, ಜನರಲ್ ಮಕಾಶೋವ್ ಜೊತೆ ಓಸ್ತಾನ್ಕಿನೊ ಟಿವಿ ಕೇಂದ್ರಕ್ಕೆ ನುಗ್ಗಿದರು. ಟಿವಿ ಪ್ರಸಾರ ಕಟ್ ಆಯ್ತು. ಆ ರಾತ್ರಿ ಮಾಸ್ಕೋದಲ್ಲಿ ಕೂತವರಿಗೆ ಬೆಳಗಾದ್ರೆ ಯಾರ ಸರ್ಕಾರ ಇರುತ್ತೆ ಅಂತ ಗೊತ್ತಿರಲಿಲ್ಲ. ಪತ್ರ ಆ ಭಯದಲ್ಲಿ ಬರೆದದ್ದು. ಸಹಿ ಹಾಕಿದವರಲ್ಲಿ ಅಕಾಡೆಮಿಶಿಯನ್ ಲಿಖಾಚೋವ್ ಇದ್ದಾರೆ, ಸೊಲೊವ್ಕಿ ಶಿಬಿರದಲ್ಲಿ ಜೈಲು ಕಂಡವರು. ಕವಿ ಒಕುದ್ಜಾವಾ ಇದ್ದಾರೆ, ಅವರ ಅಪ್ಪನನ್ನು 1937ರಲ್ಲಿ ಗುಂಡಿಟ್ಟು ಕೊಂದಿದ್ದರು. ಲೇಖಕ ಲೆವ್ ರಜ್ಗೋನ್ ಇದ್ದಾರೆ, ಹದಿನೇಳು ವರ್ಷದ ಶಿಬಿರ, ಗಡೀಪಾರು. ಇವರಿಗೆಲ್ಲ ಕೆಂಪು ಬಾವುಟ ಹಿಡಿದು ಬಂದೂಕು ತಂದ ಗುಂಪು ಕಂಡಾಗ ಏನು ನೆನಪಾಗಿರಬೇಕು?

ಪತ್ರದ ಭಾಷೆ ನನಗೂ ಹಿಡಿಸೋದಿಲ್ಲ. ಆದರೆ ಅದನ್ನು ಅಧಿಕಾರದ ಚಮಚಾಗಳು ಬರೆದದ್ದು ಅಂತ ಓದೋದು ತಪ್ಪು.

ಅರ್ಧಟೀ:
ನಾನು ಒಂದೇ ವಿಷಯ ಹೇಳಿ ಹೋಗುತ್ತೇನೆ. 2007ರಲ್ಲಿ ಪುಟಿನ್ ವಿರುದ್ಧ ನಿಂತ ಅದೇ ಪಕ್ಷ 1999ರಲ್ಲಿ ಮತ ಕೇಳಿದ್ದು 'ಪುಟಿನ್ ಅಧ್ಯಕ್ಷ, ಕಿರಿಯೆಂಕೊ ಡುಮಾಗೆ' ಅಂತ. ಆಗ 8.5% ಬಂತು. 2003ರಲ್ಲಿ 4%ಗಿಂತ ಸ್ವಲ್ಪ ಕಡಿಮೆ. ಆಮೇಲೆ ಆ 0.96. ಆಗ ಪಕ್ಷದ ನಾಯಕನಾಗಿದ್ದ ಕಿರಿಯೆಂಕೊ ಈಗ ಎಲ್ಲಿದ್ದಾರೆ ಗೊತ್ತಾ? 2016ರಿಂದ ಕ್ರೆಮ್ಲಿನ್‌ನಲ್ಲಿ ಅಧ್ಯಕ್ಷರ ಆಡಳಿತದ ಉಪ ಮುಖ್ಯಸ್ಥ, ದೇಶದ ಒಳಗಿನ ರಾಜಕೀಯ ನೋಡಿಕೊಳ್ಳೋದೇ ಅವರು. ಅಂದ್ರೆ ಚುದಾಕೋವಾ ಏರಿದ ಬಸ್ಸಿನ ಹಳೇ ಡ್ರೈವರ್ ಈಗ ಎದುರು ಪಾರ್ಟಿಯ ಬಸ್ಸು ಓಡಿಸುತ್ತಿದ್ದಾನೆ.

ಹಳೇಪುಸ್ತಕ:
ಇದಕ್ಕೇ ನಾನು ಹೇಳಿದ್ದು. ಇಂಥ ಜನರ ಜೊತೆ ಯಾಕೆ ಬೇಕಿತ್ತು? ಇನ್ನೊಂದು ವಿಷಯ ನನ್ನನ್ನು ಜಾಸ್ತಿ ಕಾಡೋದು. 1994ರ ಡಿಸೆಂಬರ್‌ನಲ್ಲಿ, ರಷ್ಯಾದಿಂದ ಬೇರೆಯಾಗಲು ಹೊರಟಿದ್ದ ಚೆಚನ್ಯಾ ಮೇಲೆ ಯುದ್ಧ ಶುರುವಾಯ್ತು. ಅದರ ರಾಜಧಾನಿ ಗ್ರೋಜ್ನಿ ನಗರವನ್ನು ಬಾಂಬ್ ಹಾಕಿ ಹುಡಿ ಮಾಡಿದರು. ಮಾನವ ಹಕ್ಕುಗಳ ಹೋರಾಟಗಾರ ಸೆರ್ಗೇಯ್ ಕೊವಾಲ್ಯೋವ್ ಬಾಂಬ್ ಬೀಳುವಾಗ ಆ ಊರಲ್ಲೇ ಇದ್ದು ಜಗತ್ತಿಗೆ ಸುದ್ದಿ ಕೊಟ್ಟರು, 1996ರ ಶುರುವಿನಲ್ಲಿ ಯೆಲ್ತ್ಸಿನ್ ಕೊಟ್ಟ ಹುದ್ದೆಗಳನ್ನು ಬಿಟ್ಟರು. ಗೈದಾರ್ ಕೂಡ ಸಲಹಾ ಮಂಡಳಿಯಿಂದ ಹೊರಬಂದರು. ಚುದಾಕೋವಾ 2000ದವರೆಗೂ ಅಲ್ಲೇ ಇದ್ದರು. ಗುರು ಎದ್ದು ಹೋದರೂ ಶಿಷ್ಯೆ ಕೂತೇ ಇದ್ದರು ಅನ್ನೋ ಹಾಗಾಯ್ತು. ಅವರ ಅಪ್ಪ ದಾಗೆಸ್ತಾನ್‌ನವರು ಬೇರೆ, ಚೆಚನ್ಯಾ ಪಕ್ಕದ ಮನೆ.

ಸೀಬೆಮರ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಅಪ್ಪ ದಾಗೆಸ್ತಾನ್‌ನವರಾ? ಹಾಗಾದ್ರೆ ವಾಸ್ತುಶಿಲ್ಪದ ಇತಿಹಾಸ ಬರೆದ ಸೆಲಿಮ್ ಖಾನ್-ಮಾಗೊಮೆದೊವ್?

ಹಳೇಪುಸ್ತಕ:
ಹೌದು, ಅಣ್ಣ. ಇವರದ್ದೂ ಹುಟ್ಟು ಹೆಸರು ಖಾನ್-ಮಾಗೊಮೆದೊವಾ.

ಸೀಬೆಮರ:
ಅಯ್ಯೋ! ನಾನು ಆರ್ಕಿಟೆಕ್ಚರ್ ಓದಿದವಳು. 1920ರ ದಶಕದ ಸೋವಿಯತ್ ಕಟ್ಟಡಗಳ ಬಗ್ಗೆ, ರೊದ್ಚೆಂಕೊ, ಮೆಲ್ನಿಕೋವ್, ವೆಸ್ನಿನ್ ಅಣ್ಣತಮ್ಮಂದಿರ ಬಗ್ಗೆ ನಮಗೆ ಗೊತ್ತಿರೋದರಲ್ಲಿ ಅರ್ಧ ಈತನಿಂದ ಬಂದದ್ದು. ಎಲ್ಲರೂ ಮರೆತಿದ್ದ ಮುದುಕರ ಮನೆಗೆ ಹೋಗಿ ಮಂಚದ ಕೆಳಗಿನ ನಕ್ಷೆ ತೆಗೆಸಿ ನೋಡಿದ ಮನುಷ್ಯ. ತಂಗಿ ಬುಲ್ಗಾಕೋವ್, ಭಾವ ಚೆಕೋವ್, ಅಣ್ಣ ಆ ಕಾಲದ ಕಟ್ಟಡ ಶೈಲಿ ಕನ್‌ಸ್ಟ್ರಕ್ಟಿವಿಸಂ. ಆ ಮನೆಯ ಊಟದ ಮೇಜಿನ ಮಾತು ಕೇಳಬೇಕಿತ್ತು. ಸರಿ, ನೀವು ಮುಂದುವರಿಸಿ.

ಕರಿಕೋಟು:
ಚೆಚನ್ಯಾ ವಿಷಯಕ್ಕೆ ಬರುತ್ತೇನೆ, ಆದರೆ ನೀವೆಲ್ಲ ಬಾಯಲ್ಲಿ ಹೇಳಿ ಮುಂದೆ ಹೋದ ಒಂದು ಸಂಸ್ಥೆಯ ಮೂಲಕ. ಕ್ಷಮಾದಾನ ಆಯೋಗ. ಕೋರ್ಟು ಕೆಲಸ ಮಾಡುವವನಾದ್ದರಿಂದ ನನಗೆ ಅವರ ಬದುಕಿನಲ್ಲಿ ಎಲ್ಲಕ್ಕಿಂತ ಕುತೂಹಲದ ಭಾಗ ಅದೇ.

1992ರಲ್ಲಿ ಯೆಲ್ತ್ಸಿನ್ ಇದನ್ನು ಶುರು ಮಾಡಿದರು. ಮುಖ್ಯಸ್ಥ ಅನಾತೋಲಿ ಪ್ರಿಸ್ತಾವ್ಕಿನ್, ಅನಾಥಾಶ್ರಮದಲ್ಲಿ ಬೆಳೆದ ಲೇಖಕ. ಸದಸ್ಯರಲ್ಲಿ ಸಾಹಿತಿಗಳು, ಪಾದ್ರಿ, ವಕೀಲರು, ಯಾರಿಗೂ ಸಂಬಳ ಇಲ್ಲ. ಒಕುದ್ಜಾವಾ, ರಜ್ಗೋನ್ ಇಬ್ಬರೂ ಇದ್ದರು. ಚುದಾಕೋವಾ 1994ರಿಂದ. ಕೆಲಸ ಹೀಗೆ: ಜೈಲಿನಿಂದ ಅರ್ಜಿ, ಅದರ ಜೊತೆ ಕೇಸಿನ ಕಡತ. ಸದಸ್ಯರು ಓದಬೇಕು, ಕೂತು ಚರ್ಚೆ ಮಾಡಿ ಮತ ಹಾಕಬೇಕು. ಶಿಫಾರಸು ಅಧ್ಯಕ್ಷರ ಮೇಜಿಗೆ ಹೋಗುತ್ತೆ, ಸಹಿ ಅವರದ್ದು. ಇದರಲ್ಲಿ ಮರಣದಂಡನೆ ಕೇಸುಗಳೂ ಇರುತ್ತಿದ್ದವು. ಅಲ್ಲಿ ನೇಣು ಅಲ್ಲ, ಗುಂಡು.

ಮೊದಲ ವರ್ಷಗಳಲ್ಲಿ ಆಯೋಗ ಬಹುತೇಕ ಎಲ್ಲರ ಜೀವ ಉಳಿಸಿತು. 1995ರ ಹೊತ್ತಿಗೆ ಗಾಳಿ ತಿರುಗಿತು. ಅಪರಾಧ ಜಾಸ್ತಿ, ಜನರ ಸಿಟ್ಟು ಜಾಸ್ತಿ, ಚುನಾವಣೆ ಹತ್ತಿರ. ಕೊಲ್ಲೋದು ಬೇಡ ಅಂತ ಆಯೋಗ ಹೇಳಿದರೂ ಮೇಲಿನವರು ಅರ್ಜಿ ತಳ್ಳಿಹಾಕೋದು ಶುರುವಾಯ್ತು, ಗುಂಡಿಕ್ಕೋದು ಮತ್ತೆ ಹೆಚ್ಚಾಯ್ತು. ಅದೇ ಹೊತ್ತಿಗೆ ಮಾನವ ಹಕ್ಕು ನೋಡಿಕೊಳ್ಳುವ ಯುರೋಪ್ ಕೌನ್ಸಿಲ್ ಸೇರೋಕೆ ಮರಣದಂಡನೆ ನಿಲ್ಲಿಸಬೇಕು ಅನ್ನೋ ಷರತ್ತು. 1996ರ ನಂತರ ರಷ್ಯಾದಲ್ಲಿ ಕೋರ್ಟು ಕೊಟ್ಟ ಮರಣದಂಡನೆ ಒಂದೂ ಜಾರಿಯಾಗಿಲ್ಲ. 1999ರಲ್ಲಿ ಮರಣದಂಡನೆಯ ಸಾಲಿನಲ್ಲಿ ಉಳಿದಿದ್ದ 700ಕ್ಕೂ ಹೆಚ್ಚು ಜನರ ಶಿಕ್ಷೆಯನ್ನು ಯೆಲ್ತ್ಸಿನ್ ಒಟ್ಟಿಗೆ ಇಳಿಸಿದರು. ಆ ಹೆಜ್ಜೆಯ ಹಿಂದೆ ಈ ಆಯೋಗದ ವರ್ಷಗಟ್ಟಲೆ ಒತ್ತಡ ಇತ್ತು.

ಈಗ ಹಳೇಪುಸ್ತಕ ಅವರೇ, ನಿಮ್ಮನ್ನು ಆ ಜಾಗದಲ್ಲಿ ಕೂರಿಸಿಕೊಳ್ಳಿ. ಒಂದು ಕಡೆ ಗ್ರೋಜ್ನಿ ಉರಿಯುತ್ತಿದೆ, ಉರಿಸಿದವನ ಮಂಡಳಿಯಲ್ಲಿ ನೀವಿದ್ದೀರಿ. ಇನ್ನೊಂದು ಕಡೆ ಅದೇ ಮನುಷ್ಯನ ಸಹಿಗೆ ಕಾಯುತ್ತಿರುವ ಕಡತ ನಿಮ್ಮ ಮುಂದಿದೆ, ಸಹಿ ಬೀಳದಿದ್ರೆ ಆ ಮನುಷ್ಯ ಸಾಯುತ್ತಾನೆ. ಮಂಡಳಿ ಬೇರೆ, ಆಯೋಗ ಬೇರೆ ಅಂತ ಕಾಗದದ ಮೇಲೆ ಹೇಳಬಹುದು, ಎರಡರ ಕೊನೆಗೂ ಇರೋದು ಒಂದೇ ಕೈ. ಕೊವಾಲ್ಯೋವ್ ಮಾಡಿದ್ದು ಸರಿ. ಕೂತವರು ಮಾಡಿದ್ದು ತಪ್ಪು ಅಂತ ಅದರಿಂದ ತಾನಾಗಿ ಬರೋದಿಲ್ಲ.

ಹಳೇಪುಸ್ತಕ:
ಆಯೋಗ ಏನಾಯ್ತು ಕೊನೆಗೆ?

ಕರಿಕೋಟು:
2001ರ ಡಿಸೆಂಬರ್‌ನಲ್ಲಿ ಪುಟಿನ್ ಮುಚ್ಚಿದರು. ಬದಲಿಗೆ ಪ್ರತಿ ಪ್ರಾಂತ್ಯದಲ್ಲೂ ಒಂದೊಂದು ಆಯೋಗ, ಮೇಲೆ ಗವರ್ನರ್. ಕೇಳೋಕೆ ವಿಕೇಂದ್ರೀಕರಣ ಅನ್ನಿಸುತ್ತೆ. ಆಮೇಲೆ ಕ್ಷಮಾದಾನ ಸಿಕ್ಕವರ ಸಂಖ್ಯೆ ಪಾತಾಳಕ್ಕೆ ಬಿತ್ತು. ನೀವು 2007ಕ್ಕೆ ಯಾಕೆ ನಿಂತರು ಅಂತ ಕೇಳುತ್ತಿದ್ದೀರಲ್ಲ, ನನ್ನ ಮಟ್ಟಿಗೆ ಒಂದು ಉತ್ತರ ಇಲ್ಲೇ ಇದೆ. ಒಳಗಿಂದ ಕೆಲಸ ಮಾಡುವ ಬಾಗಿಲನ್ನು ಮೊದಲು ಪುಟಿನ್ ಅವರೇ ಮುಚ್ಚಿದ್ದು.

ಕೆಂಪುಕೊಡೆ:
ಆಯೋಗದ ಕೆಲಸಕ್ಕೆ ನಮಸ್ಕಾರ. ಅದರಲ್ಲಿ ಎರಡು ಮಾತಿಲ್ಲ. ಆದರೆ 2007ರ ಪ್ರಚಾರ ನೆನಪಿಸಿಕೊಳ್ಳಿ. ಹದಿನೈದು ವರ್ಷ ಮಾರುಕಟ್ಟೆ ಮಾರುಕಟ್ಟೆ ಅಂತ ಜಪ ಮಾಡಿದ ಗೈದಾರ್ ಕಡೆಯವರ ಪಕ್ಷ ಇದ್ದಕ್ಕಿದ್ದ ಹಾಗೆ 'ಪಿಂಚಣಿ ಎರಡೂವರೆ ಪಟ್ಟು ಮಾಡ್ತೀವಿ' ಅಂತ ಬೀದಿಗೆ ಬಂತು! ಯಾರ ಪಿಂಚಣಿ 1992ರಲ್ಲಿ ಹೋಗಿತ್ತೋ ಅವರ ಹತ್ತಿರವೇ. 0.96 ಬಂದದ್ದಕ್ಕೆ ಪುಟಿನ್ ಒಬ್ಬನೇ ಕಾರಣ ಅಲ್ಲ.

ಅರ್ಧಟೀ:
ಒಬ್ಬನೇ ಅಲ್ಲ, ಆದರೆ ಜಾಸ್ತಿ ಪಾಲು ಅವನದ್ದೇ. ಆ ಚುನಾವಣೆಯ ನಿಯಮ ನೋಡಿ. ಮೊದಲು 450 ಸೀಟಿನಲ್ಲಿ ಅರ್ಧ ಕ್ಷೇತ್ರಗಳಿಂದ, ಅರ್ಧ ಪಕ್ಷದ ಪಟ್ಟಿಯಿಂದ. 2007ಕ್ಕೆ ಕ್ಷೇತ್ರ ಪೂರ್ತಿ ತೆಗೆದರು, ಎಲ್ಲಾ ಪಟ್ಟಿ. ಅಂದ್ರೆ ಒಬ್ಬ ಜನಪ್ರಿಯ ಮನುಷ್ಯ ತನ್ನ ಊರಲ್ಲಿ ಒಂಟಿಯಾಗಿ ಗೆದ್ದು ಬರೋ ದಾರಿ ಬಂದ್. 5% ಇದ್ದ ಮಿತಿ 7% ಆಯ್ತು. 'ಇವರ್ಯಾರೂ ಬೇಡ' ಅನ್ನೋ ಸಾಲು ಮತಪತ್ರದಿಂದ ಹೋಯ್ತು. ಪುಟಿನ್ ತಾನೇ ಆಡಳಿತ ಪಕ್ಷ ಯುನೈಟೆಡ್ ರಷ್ಯಾ ಪಟ್ಟಿಯ ತಲೆಗೆ ಹೆಸರು ಕೊಟ್ಟ. ನವೆಂಬರ್ 21ಕ್ಕೆ ಲುಜ್ನಿಕಿ ಸ್ಟೇಡಿಯಂನಲ್ಲಿ ಭಾಷಣ ಮಾಡಿ, ವಿರೋಧಿಗಳು ವಿದೇಶಿ ರಾಯಭಾರ ಕಚೇರಿಗಳ ಸುತ್ತ ನರಿಗಳ ಹಾಗೆ ಸುಳಿಯುತ್ತಾರೆ ಅಂದ. ಪೊಲೀಸರು ಈ ಪಕ್ಷದ ಕರಪತ್ರ, ಪ್ರಚಾರದ ಪತ್ರಿಕೆಗಳನ್ನು ಊರೂರಲ್ಲಿ ವಶಪಡಿಸಿಕೊಂಡರು. ಆ ಭಾಷಣ ಆಗಿ ನಾಲ್ಕು ದಿನ ಬಿಟ್ಟು ಪೀಟರ್ಸ್‌ಬರ್ಗ್‌ನಲ್ಲಿ ನೆಮ್ತ್ಸೋವ್‌ನನ್ನೇ ಬೀದಿಯಲ್ಲಿ ಎತ್ತಿಕೊಂಡು ಹೋದರು. ಡಿಸೆಂಬರ್ 2ಕ್ಕೆ ಮತದಾನ, ಯುನೈಟೆಡ್ ರಷ್ಯಾಕ್ಕೆ 64%, 315 ಸೀಟು.

ಪಿಂಚಣಿ ಘೋಷಣೆ ಬಗ್ಗೆ ನೀವು ಹೇಳಿದ್ದು ಸರಿ, ಅದು ನಗೆಪಾಟಲು. ಆದರೆ ಆ ವಾರದಲ್ಲಿ ದೇವರೇ ಪಟ್ಟಿಯಲ್ಲಿದ್ದಿದ್ದರೂ 2% ದಾಟುತ್ತಿರಲಿಲ್ಲ.

ಹಳೇಪುಸ್ತಕ:
ಹಾಗಾದ್ರೆ ಗೆಲ್ಲೋದಿಲ್ಲ ಅಂತ ಗೊತ್ತಿದ್ದೂ ನಿಂತರು. ನನ್ನ ಪ್ರಶ್ನೆ ಇನ್ನೂ ಗಟ್ಟಿಯಾಯ್ತು.

ನೇತ್ರಾವತಿ:
ಗೆಲ್ಲೋಕೆ ನಿಂತವರು ಆ ವರ್ಷ ಯುನೈಟೆಡ್ ರಷ್ಯಾ ಸೇರಿದರು. ಎಷ್ಟೋ ಜನ ಸೇರಿದರು ಕೂಡ, ದೊಡ್ಡ ದೊಡ್ಡ ನಟರು, ನಿರ್ದೇಶಕರು. ಚುದಾಕೋವಾಗೆ ಆಗ ಬೇಕಾದ್ದೆಲ್ಲ ಇತ್ತು. ಹೆಸರಿತ್ತು, ಸಾಹಿತ್ಯ ಸಂಸ್ಥೆಯಲ್ಲಿ ಪಾಠ ಇತ್ತು, ಮಕ್ಕಳಿಗೆ ಬರೆದ ಪತ್ತೇದಾರಿ ಕಾದಂಬರಿಗಳು ಓಡುತ್ತಿದ್ದವು. ಸುಮ್ಮನಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅದಕ್ಕೇ ಆ ಹೆಸರು ಪಟ್ಟಿಯಲ್ಲಿ ಇದ್ದದ್ದು ಮುಖ್ಯ ಅಂತ ನಾನು ಹೇಳೋದು.

ಇನ್ನೊಂದು, ದಂಡ ಅಂದ್ರಲ್ಲ. ರಾಜಕೀಯ ಅಂದ್ರೆ ಅವರಿಗೆ ಮಾಸ್ಕೋದ ವೇದಿಕೆ ಮಾತ್ರ ಆಗಿರಲಿಲ್ಲ. ಆ ವಯಸ್ಸಿನಲ್ಲಿ ಕಾರಿಗೆ ಪುಸ್ತಕ ತುಂಬಿಕೊಂಡು ದೂರದ ಊರುಗಳ ಲೈಬ್ರರಿ, ಶಾಲೆಗಳಿಗೆ ಹೋಗುತ್ತಿದ್ದರು. ಮಕ್ಕಳ ಜೊತೆ ಕೂತು ಮಾತಾಡುತ್ತಿದ್ದರು. ಸ್ಟಾಲಿನ್ ಬಗ್ಗೆ, ಸೋವಿಯತ್ ಒಕ್ಕೂಟ ಒಡೆದ 1991ರ ಬಗ್ಗೆ, ಯಾವ ವಯಸ್ಸಿಗೆ ಯಾವ ಪುಸ್ತಕ ಓದಬೇಕು ಅನ್ನೋದರ ಬಗ್ಗೆ. ಕೆಲವು ಪುಸ್ತಕ ಹದಿನಾರರೊಳಗೆ ಓದದಿದ್ರೆ ಆಮೇಲೆ ಓದಿ ಪ್ರಯೋಜನ ಕಡಿಮೆ ಅನ್ನೋ ಹಠ ಅವರದ್ದು. ದೊಡ್ಡವರನ್ನು ಬದಲಾಯಿಸೋಕೆ ಆಗಲ್ಲ, ಹದಿನಾರರೊಳಗಿನವರನ್ನು ಹಿಡಿಯೋಣ ಅಂತ ಲೆಕ್ಕ ಇತ್ತು ಅನ್ನಿಸುತ್ತೆ ನನಗೆ. ಗೈದಾರ್ ಪುಸ್ತಕವನ್ನು ಹತ್ತು ವರ್ಷದವರಿಗೆ ಬರೆದದ್ದೂ ಅದಕ್ಕೇ. ಕೆಂಪುಕೊಡೆಗೆ ಅದು ಭಕ್ತಿ, ನನಗೆ ಅದು ಹೊಲ ಉತ್ತು ಬಿತ್ತೋ ಕೆಲಸ.

ಕೆಂಪುಕೊಡೆ:
ನಮ್ಮ ಕಡೆ ನವಕರ್ನಾಟಕದ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಸೋವಿಯತ್ ಮಕ್ಕಳ ಪುಸ್ತಕ ಓದಿ ಬೆಳೆದವನು ನಾನು. ಆಗ ಎಲ್ಲರೂ ಅದನ್ನು ಪ್ರಚಾರ ಅನ್ನುತ್ತಿದ್ದರು. ಗೈದಾರ್ ಬಗ್ಗೆ ಮಕ್ಕಳಿಗೆ ಬರೆದ್ರೆ ಬಿತ್ತನೆ, ಅಲ್ವಾ?

ನೇತ್ರಾವತಿ:
ಒಂದನ್ನು ಸರ್ಕಾರ ಅಚ್ಚು ಹಾಕಿ ಜಗತ್ತಿಗೆಲ್ಲ ಹಂಚಿತು. ಇನ್ನೊಂದನ್ನು ಒಬ್ಬ ಅಜ್ಜಿ ಡಿಕ್ಕಿಯಲ್ಲಿ ಹಾಕಿಕೊಂಡು ಹೋದರು. ಸ್ವಲ್ಪವಾದರೂ ವ್ಯತ್ಯಾಸ ಇದೆ.

ಸೀಬೆಮರ:
ಆ ಪಟ್ಟಿಯ ಮೂವರ ಗತಿ ಏನಾಯ್ತು ಅಂತ ಈಗ ನೋಡಿದೆ. ನೆಮ್ತ್ಸೋವ್‌ನನ್ನು 2015ರ ಫೆಬ್ರವರಿ 27ರ ರಾತ್ರಿ ಕ್ರೆಮ್ಲಿನ್ ಪಕ್ಕದ ಸೇತುವೆ ಮೇಲೆ ಗುಂಡಿಕ್ಕಿ ಕೊಂದರು. ಬೆಲಿಖ್ 2016ರಲ್ಲಿ ಅರೆಸ್ಟ್, 2018ರಲ್ಲಿ ಎಂಟು ವರ್ಷ ಜೈಲು. ಕೊಲೆ, ಜೈಲು ಎರಡರಿಂದಲೂ ಉಳಿದದ್ದು ಚುದಾಕೋವಾ ಒಬ್ಬರೇ. ಮೈ ಜುಂ ಅಂತು.

ಅರ್ಧಟೀ:
ಮೂವರನ್ನೂ ಒಂದೇ ದಾರದಲ್ಲಿ ಪೋಣಿಸಬೇಡಿ. ಬೆಲಿಖ್ ಕಥೆ ಬೇರೆ. 2008ರಲ್ಲಿ ಈ ಪಕ್ಷವನ್ನು ಕ್ರೆಮ್ಲಿನ್ ಕೃಪೆಯ 'ಸರಿಯಾದ ಕೆಲಸ' ಅನ್ನೋ ಹೊಸ ಪಕ್ಷದೊಳಗೆ ಕರಗಿಸಿದಾಗ, ಅಂಥ ಯೋಜನೆಯಲ್ಲಿ ನಾನಿರಲ್ಲ ಅಂತ ಆತ ಹೊರಗೆ ಬಂದ. ಸರಿ. ನಾಲ್ಕು ತಿಂಗಳೊಳಗೆ ಆಗಿನ ಅಧ್ಯಕ್ಷ ಮೆದ್ವೆದೆವ್ ಕೊಟ್ಟ ಕೀರೋವ್ ಪ್ರಾಂತ್ಯದ ಗವರ್ನರ್ ಕುರ್ಚಿಯಲ್ಲಿ ಕೂತ! ಜೈಲು ಆದದ್ದು ಲಂಚದ ಕೇಸಿನಲ್ಲಿ. ಆತ ಅದನ್ನು ಒಪ್ಪಲಿಲ್ಲ, ಆ ಕೋರ್ಟುಗಳ ಬಗ್ಗೆ ನಮಗೂ ಗೊತ್ತು, ಆದರೂ ನೆಮ್ತ್ಸೋವ್ ಸಾವಿನ ಜೊತೆ ಅದನ್ನು ಇಡೋಕಾಗಲ್ಲ.

ಹಳೇಪುಸ್ತಕ:
ನೋಡಿ, ಚುದಾಕೋವಾ ಪ್ರಾಮಾಣಿಕರು, ಅದರಲ್ಲಿ ನನಗೆ ಅನುಮಾನ ಇಲ್ಲ. ಲೆನಿನ್ ಲೈಬ್ರರಿಯಲ್ಲೂ ಅವರು ಸುಮ್ಮನಿರಲಿಲ್ಲ. ವಿಭಾಗವನ್ನು ಕಟ್ಟಿದ ಸಾರ್ರಾ ಝಿತೋಮಿರ್ಸ್ಕಯಾ ಅವರನ್ನು 1976ರಲ್ಲಿ ಕುರ್ಚಿಯಿಂದ ಇಳಿಸಿದ ಮೇಲೆ ಓದುಗರಿಗೆ ಹಸ್ತಪ್ರತಿ ಕೊಡೋದಕ್ಕೇ ಅಡ್ಡಿ ಶುರುವಾಯ್ತು, ಇವರು ಅದರ ವಿರುದ್ಧ ಜಗಳ ಆಡಿದರು, ಕೊನೆಗೆ 1984ರಲ್ಲಿ ಹೊರಗೆ ಬಂದರು. ಅಂಥ ಜಗಳ ನನಗೆ ಅರ್ಥ ಆಗುತ್ತೆ, ಅದು ಅವರ ಕೆಲಸದೊಳಗಿನ ಜಗಳ. 1982ರಿಂದ ಲಾಟ್ವಿಯಾದ ರೆಜೆಕ್ನೆಯಲ್ಲಿ, ಸಾಹಿತ್ಯ ವಿಮರ್ಶಕ ತಿನ್ಯಾನೋವ್ ಹುಟ್ಟಿದ ಊರಲ್ಲಿ, ವಿದ್ವಾಂಸರನ್ನು ಸೇರಿಸಿ ನಡೆಸಿದ ಸಭೆಗಳೂ ಹಾಗೆಯೇ. ಮಾಸ್ಕೋದಲ್ಲಿ ಆಡೋಕಾಗದ ಮಾತನ್ನು ಅಲ್ಲಿ ಆಡಬಹುದಿತ್ತು. ಅದು ಬಾಳಿಕೆ ಬಂತು. ಪಕ್ಷ ಬಾಳಿಕೆ ಬರಲಿಲ್ಲ. ನನ್ನ ವಾದ ಅಷ್ಟೇ.

ಕೆಂಪುಕೊಡೆ:
ನನ್ನ ವಾದ ಅಷ್ಟೇ ಅಲ್ಲ. ನೇತ್ರಾವತಿ ಶುರುವಿನಲ್ಲಿ ಹೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡುತ್ತೇನೆ. ರಾಜಕೀಯ ಹರಿದ ಹಾಳೆಯಲ್ಲಿ ಶುರುವಾಯ್ತು ಅಂದ್ರಿ. ಸರಿ. ಹಾಳೆ ಸುಟ್ಟ ಅದೇ ತಿಂಗಳು, 1930ರ ಮಾರ್ಚ್ 28ಕ್ಕೆ, ಬುಲ್ಗಾಕೋವ್ ಸೋವಿಯತ್ ಸರ್ಕಾರಕ್ಕೆ ಒಂದು ಪತ್ರ ಬರೆದ. ಸೆನ್ಸಾರ್ ಯಾವುದೇ ಇರಲಿ, ಯಾವ ಅಧಿಕಾರದ ಕೆಳಗೇ ಇರಲಿ, ಅದರ ವಿರುದ್ಧ ಹೋರಾಡೋದು ಲೇಖಕನಾಗಿ ನನ್ನ ಕರ್ತವ್ಯ ಅಂತ ಅದರಲ್ಲಿ ನೇರವಾಗಿ ಬರೆದಿದ್ದಾನೆ. ಯಾವ ಅಧಿಕಾರದ ಕೆಳಗೇ ಇರಲಿ. ಈ ಪತ್ರ ಚುದಾಕೋವಾಗೆ ಬಾಯಿಪಾಠ ಇದ್ದಿರಬೇಕು. 63 ವರ್ಷದ ನಂತರ ಅವರು 'ದೆನ್', 'ಸೊವೆತ್ಸ್ಕಾಯಾ ರೊಸ್ಸಿಯಾ', 'ಪ್ರಾವ್ದಾ' ಪತ್ರಿಕೆಗಳನ್ನೆಲ್ಲ ಮುಚ್ಚಿ ಅಂತ ಸಹಿ ಹಾಕುತ್ತಾರೆ. 'ದೆನ್' ಕೆಟ್ಟ ಪತ್ರಿಕೆ, ನನಗೂ ಗೊತ್ತು. ಆದರೆ ಸೆನ್ಸಾರ್ ಬೇಡ ಅಂದ್ರೆ ಕೆಟ್ಟ ಪತ್ರಿಕೆಗೂ ಬೇಡ. ಉಳಿದ 41 ಜನಕ್ಕೆ ಭಯ ಅಂತ ಮಾಫಿ ಕೊಡಬಹುದು. ಬುಲ್ಗಾಕೋವ್ ಜೀವನಚರಿತ್ರೆ ಬರೆದವರಿಗೆ ಕೊಡೋಕೆ ನನಗೆ ಕಷ್ಟ.

ನೇತ್ರಾವತಿ:
ಇದು ಗಟ್ಟಿ ಮಾತು, ತಪ್ಪಿಸಿಕೊಂಡು ಹೋಗಲ್ಲ. ಆದರೆ ಪತ್ರವನ್ನು ಪೂರ್ತಿ ಓದಿ. ಪತ್ರಿಕೆಗಳನ್ನು ಶಾಶ್ವತವಾಗಿ ಮುಚ್ಚಿ ಅಂತಿಲ್ಲ, ನ್ಯಾಯಾಲಯದ ವಿಚಾರಣೆ ಆಗುವ ತನಕ ಅಂತಿದೆ. ಬುಲ್ಗಾಕೋವ್‌ಗೆ ಯಾವ ನ್ಯಾಯಾಲಯವೂ ಸಿಕ್ಕಿರಲಿಲ್ಲ.

ಕೆಂಪುಕೊಡೆ:
ಪೂರ್ತಿ ಓದಿದ್ದೇನೆ. ಅದೇ ಪತ್ರದ ಕೊನೆಯ ಬೇಡಿಕೆ ನೀವು ಓದಿ. ಸಂಸತ್ತು ಮಾತ್ರ ಅಲ್ಲ, ಅದು ರಚಿಸಿದ ಎಲ್ಲ ಸಂಸ್ಥೆಗಳೂ, ಸಾಂವಿಧಾನಿಕ ನ್ಯಾಯಾಲಯವೂ ಸೇರಿ, ಕಾನೂನುಬಾಹಿರ ಅಂತ ಸಾರಿ ಅನ್ನುತ್ತೆ. ಪತ್ರಿಕೆ ಮುಚ್ಚಿ, ಆಮೇಲೆ ಕೋರ್ಟಿಗೆ ಹೋಗಿ. ಯಾವ ಕೋರ್ಟಿಗೆ?

ಅರ್ಧಟೀ:
ಕರಿಕೋಟು, ಎಲ್ಲಿದ್ದೀರಿ? ನಿಮ್ಮ ಇಲಾಖೆ ಇದು.

ಕರಿಕೋಟು:
ಇದ್ದೇನೆ. ಸಾಂವಿಧಾನಿಕ ನ್ಯಾಯಾಲಯದ ಕಥೆ ಹೇಳುತ್ತೇನೆ, ಯಾರ ಪರ ಹೋಗುತ್ತೋ ನೋಡಿ. 1993ರಲ್ಲಿ ಅದರ ಮುಖ್ಯಸ್ಥ ವಲೆರಿ ಝೋರ್ಕಿನ್. ಸೆಪ್ಟೆಂಬರ್ 21ಕ್ಕೆ ಯೆಲ್ತ್ಸಿನ್ 1400ನೇ ಆದೇಶ ಹೊರಡಿಸಿ ಸಂಸತ್ತು ವಿಸರ್ಜಿಸಿದಾಗ, ಅದೇ ರಾತ್ರಿ ಕೋರ್ಟು ಕೂತು ಇದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಕಾನೂನಿನ ಪ್ರಕಾರ ಆ ತೀರ್ಪು ಸರಿ, ನಾನು ಅದನ್ನು ಎಲ್ಲಿ ಬೇಕಾದರೂ ವಾದಿಸುತ್ತೇನೆ. ಟ್ಯಾಂಕ್ ಬಂದ ಮೇಲೆ ಝೋರ್ಕಿನ್ ಮುಖ್ಯಸ್ಥನ ಸ್ಥಾನ ಬಿಡಬೇಕಾಯ್ತು, ಅಕ್ಟೋಬರ್ 7ಕ್ಕೆ ಯೆಲ್ತ್ಸಿನ್ ಕೋರ್ಟಿನ ಕೆಲಸವನ್ನೇ ನಿಲ್ಲಿಸಿದರು. ಅದು ಮತ್ತೆ ಕೆಲಸ ಶುರು ಮಾಡಿದ್ದು 1995ರಲ್ಲಿ. ಆ ಪತ್ರ ಕೇಳಿದ್ದರಲ್ಲಿ ಇದೊಂದು ಅರ್ಧದಷ್ಟಾದರೂ ಈಡೇರಿತು.

ಅದೇ ಝೋರ್ಕಿನ್ 2003ರಲ್ಲಿ ಮತ್ತೆ ಮುಖ್ಯಸ್ಥ. ಅಲ್ಲಿಂದ ಇಳಿದೇ ಇಲ್ಲ. 2014ರ ಮಾರ್ಚ್ 19ಕ್ಕೆ ಕ್ರೈಮಿಯಾ ಸೇರಿಸಿಕೊಳ್ಳುವ ಒಪ್ಪಂದ ಸಂವಿಧಾನಕ್ಕೆ ಸರಿಯಾಗಿದೆ ಅಂತ ಕೋರ್ಟು ಹೇಳಿತು, ಸಹಿ ಬಿದ್ದ ಮಾರನೇ ದಿನವೇ. 2020ರಲ್ಲಿ ಪುಟಿನ್‌ನ ಅವಧಿಗಳನ್ನು ಸೊನ್ನೆಯಿಂದ ಎಣಿಸುವ ತಿದ್ದುಪಡಿಗೂ ಸರಿ ಅಂದಿತು.

ಈಗ ಹೇಳಿ ಕೆಂಪುಕೊಡೆ, 1993ರ ಅಕ್ಟೋಬರ್‌ನಲ್ಲಿ ನೀವು ಯಾರ ಪಕ್ಕ ನಿಲ್ಲುತ್ತಿದ್ದಿರಿ?

ಕೆಂಪುಕೊಡೆ:
ಕೋರ್ಟಿನ ಪಕ್ಕ. ಝೋರ್ಕಿನ್ ಪಕ್ಕ ಅಲ್ಲ.

ನೇತ್ರಾವತಿ:
ಅವತ್ತು ಆ ಕೋರ್ಟಿನ ಕುರ್ಚಿಯಲ್ಲಿ ಕೂತಿದ್ದವರು ಅವರೇ ಅಲ್ವಾ.